ಎರಡನೇ ಸಲದ ನೀರು

ಮಗಳು ಹುಟ್ಟಿದ ಹನ್ನೊಂದನೇ ದಿನ, ಪುರುಡಿನ ಸೂತಕ ಕಳೆಯುವ ಹೊತ್ತಿಗೆ, ಪುಣ್ಯಾಹದ ನೀರನ್ನು ಮಾವಿನೆಲೆಯಲ್ಲಿ ಅದ್ದಿ ಮನೆಯೆಲ್ಲ ಚಿಮುಕಿಸಿದೆ. ಬಾಣಂತಿ ಕೋಣೆಗೆ ಹೋಗಿ ಹೆಂಡತಿಯ ತಲೆಯ ಮೇಲೆ ನಾಲ್ಕು ಹನಿ, ಮಗುವಿನ ಮೇಲೆ ನಾಲ್ಕು ಹನಿ ಹಾಕಿದೆ.

"ಹ್ವಾಯ್, ಇನ್ನೊಂದ್ ಸರ್ತಿ ಹಾಕಿ. ಮಗಿನ್ ಕಾಲಿಗೆ ತಾಗ್ಲಿಲ್ಲ" ಅಂದಳು ಹೆಂಡತಿ.

ತಾಗಿತ್ತು. ನಾನೇ ನೋಡಿದ್ದೆ. ಆದರೂ ನಗುತ್ತಾ ಇನ್ನೊಮ್ಮೆ ಹಾಕಿದೆ. ಪಾಪ, ನಿದ್ದೆಗೆಟ್ಟಿದ್ದಾಳೆ ಅಂದುಕೊಂಡೆ. ಹತ್ತು ವರ್ಷದ ಮೇಲೆ ಈಗ ಆ ಎರಡನೇ ಸಲದ ನೀರನ್ನೇ ನೆನೆಯುತ್ತಿದ್ದೇನೆ.

ನನ್ನದು ಪುರೋಹಿತಿಕೆ. ಸಾಸ್ತಾನದ ಟೋಲ್‌ಗೇಟಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ಬ್ರಹ್ಮಾವರದಿಂದ ಕೋಟೇಶ್ವರದವರೆಗೆ ಗೃಹಪ್ರವೇಶ, ಶ್ರಾದ್ಧ, ಸೂತಕ ಕಳೆಯುವುದು ಅಂತ ಬೈಕಿನಲ್ಲಿ ಓಡಾಡುತ್ತಿರುತ್ತೇನೆ. ನೀರು ಚಿಮುಕಿಸಿ ಶುದ್ಧವಾಯಿತು ಎಂದು ಹೇಳುವುದೇ ನನ್ನ ಉದ್ಯೋಗ. ನಾನು ಹೇಳಿದ ಮೇಲೆ ಯಾರೂ ಎರಡು ಮಾತಾಡುವುದಿಲ್ಲ, ಎದ್ದು ಹೋಗಿ ಬಾಳೆಲೆ ಹಾಕುತ್ತಾರೆ. ನಂಬದೆ ಇದ್ದವಳು ನನ್ನ ಮನೆಯಲ್ಲೇ ಇದ್ದಳು.

ಮೊದಮೊದಲು ಅದು ಬರೀ ಮಡಿಯಂತೆ ಕಂಡಿತು. ಅಡುಗೆಗೆ ಮೊದಲು ಎರಡು ಸಲ ಸ್ನಾನ. ಪೇಟೆಯಿಂದ ತಂದ ತರಕಾರಿಯನ್ನು ಏಳು ನೀರಿನಲ್ಲಿ ತೊಳೆಯುವುದು. ಬಾಗಿಲ ಚಿಲಕವನ್ನು ಸೆರಗಿನಲ್ಲಿ ಹಿಡಿದು ತೆಗೆಯುವುದು, ಆಮೇಲೆ ಆ ಸೆರಗನ್ನೂ ನೆನೆಹಾಕುವುದು. ಬೇರೆ ಮನೆಯಲ್ಲಾಗಿದ್ದರೆ ವರ್ಷದೊಳಗೆ ಯಾರಾದರೂ ಇದೇನೋ ಸರಿಯಿಲ್ಲ ಅನ್ನುತ್ತಿದ್ದರು. ನಮ್ಮಲ್ಲಿ ಹೊಗಳಿದರು. "ಭಟ್ರ ಮನಿ ಮಡಿ ಅಂದ್ರೆ ಮಡಿ ಕಾಣಿ" ಎಂದು ಬಂದವರೆಲ್ಲ ಹೇಳಿ ಹೋಗುವರು. ನನಗೂ ಒಳಗೊಳಗೇ ಹೆಮ್ಮೆ. ಅವಳ ಕೈ ಬಿರಿದು, ಬೆರಳ ಸಂದಿಯಲ್ಲಿ ರಕ್ತ ಕಾಣುತ್ತಿದ್ದ ದಿನವೂ ನಾನು ನೆಂಟರ ಮುಂದೆ ಆ ಹೊಗಳಿಕೆಗೆ ತಲೆಯಾಡಿಸಿದ್ದೇನೆ. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕೊಳೆಗಿಂತ ಹೆಚ್ಚಾಗಿ ಅವಳು ಹೆದರಿದ್ದು ಮಗಳಿಗೆ ಏನಾದರೂ ಆದೀತು ಎಂದು. ತನ್ನ ಕೈಯ ಮೈಲಿಗೆಯಿಂದ ಮಗು ಸತ್ತೇಹೋಗುತ್ತದೆ ಎಂಬ ಯೋಚನೆ ತಲೆಯೊಳಗೆ ಕೂತಿತ್ತು. ಅದು ಸುಳ್ಳೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಹೋಗುತ್ತಿರಲಿಲ್ಲ, ಅದೇ ಕಷ್ಟ. ಹಾಗಾಗಿ ಮಗುವನ್ನು ಎತ್ತಿಕೊಳ್ಳುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಊಟವನ್ನು ಮೇಲಿನಿಂದ ತಟ್ಟೆಗೆ ಬಿಡುವಳು. ಮಗಳ ಜಡೆ ಹಾಕುವುದನ್ನು ನಾನೇ ಕಲಿತೆ. ಮಂತ್ರ ಕಲಿತಷ್ಟು ಬೇಗ ಅದು ಬರಲಿಲ್ಲ. ಮಗಳು ಎಷ್ಟೋ ದಿನ ಸೊಟ್ಟ ಜಡೆಯಲ್ಲೇ ಶಾಲೆಗೆ ಹೋಗಿದ್ದಾಳೆ.

ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದಳೋ ಲೆಕ್ಕವಿಲ್ಲ. "ಹ್ವಾಯ್, ಶುದ್ಧ ಆಯ್ತಾ?" "ಆಯ್ತ್ ಮಾರಾಯ್ತಿ." "ಖಂಡಿತಾ?" "ಖಂಡಿತಾ." ಅಷ್ಟಕ್ಕೂ ಸಮಾಧಾನವಾಗದಿದ್ದಾಗ ತಂಬಿಗೆಯ ನೀರಿಗೆ ನಾಲ್ಕು ಮಂತ್ರ ಹೇಳಿ ಚಿಮುಕಿಸಿಬಿಡುತ್ತಿದ್ದೆ. ಅವಳ ಮುಖ ತಿಳಿಯಾಗುತ್ತಿತ್ತು. ಹೆಂಡತಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಮಗಳು ಶಾಲೆಯಿಂದ ಬಂದ ಕೂಡಲೇ ಬಚ್ಚಲಿಗೆ ಕರೆದುಕೊಂಡು ಹೋಗಿ ಸ್ನಾನ ಮಾಡಿಸಿ, ತಲೆಯ ಮೇಲೂ ನಾಲ್ಕು ಹನಿ ಹಾಕಿ ಒಳಗೆ ಬಿಡುವುದು ರೂಢಿಯಾಯಿತು. ಮಗಳು ಕಣ್ಣು ಮುಚ್ಚಿ, ಕೈ ಎರಡೂ ಮುಂದೆ ಹಿಡಿದು ನಿಲ್ಲುತ್ತಿದ್ದಳು. ಅವಳಿಗದು ಆಟ.

ಮಗಳು ಒಂದನೇ ಕ್ಲಾಸಿಗೆ ಹೋಗುವ ವರ್ಷ ಕೊನೆಗೂ ಮನಸ್ಸಿನ ಕಾಯಿಲೆಯ ಡಾಕ್ಟರ ಹತ್ತಿರ ಹೋದೆವು. ಬ್ರಹ್ಮಾವರ ಹತ್ತಿರ, ಆದರೆ ಅಲ್ಲಿ ನನ್ನನ್ನು ಪೂಜೆಗೆ ಕರೆಯುವ ಯಜಮಾನರ ಮನೆಗಳು ಹೆಚ್ಚು. ಯಾರಾದರೂ ನೋಡಿದರೆ? ಅದಕ್ಕೆ ಕುಂದಾಪುರಕ್ಕೆ ಹೊರಟೆವು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವಳು ಕೂರಲಿಲ್ಲ, ಕಂಬಿಯನ್ನೂ ಮುಟ್ಟಲಿಲ್ಲ. ಬ್ರೇಕ್ ಹಾಕಿದಾಗಲೆಲ್ಲ ನನ್ನ ತೋಳಿಗೆ ಬಂದು ಬೀಳುತ್ತಿದ್ದಳು. ಅಲ್ಲಿ ಹೋಗಿ ನೋಡಿದರೆ ಬ್ರಹ್ಮಾವರದ ನನ್ನ ಯಜಮಾನರೊಬ್ಬರು ಆಗಲೇ ಬೆಂಚಿನಲ್ಲಿ ಕೂತಿದ್ದಾರೆ, ನಾನು ಯಾವ ಕಾರಣಕ್ಕೆ ಕುಂದಾಪುರಕ್ಕೆ ಬಂದೆನೋ ಅದೇ ಕಾರಣಕ್ಕೆ. ಇಬ್ಬರೂ ಒಂದೊಂದು ಹಳೇ ಪೇಪರ್ ಎತ್ತಿಕೊಂಡು ಮುಖ ಮುಚ್ಚಿಕೊಂಡೆವು. ಅವರಿಗೆ ಏನಿತ್ತೋ. ಖಿನ್ನತೆಯೋ, ಎದೆ ಹೊಡೆದುಕೊಳ್ಳುವ ಆತಂಕವೋ. ನಾವಿಬ್ಬರೂ ಈವರೆಗೆ ಅದರ ಬಗ್ಗೆ ಮಾತಾಡಿಲ್ಲ.

ಡಾಕ್ಟರು ನಮ್ಮ ಕಡೆಯ ಹೆಂಗಸೇ. ನನ್ನ ಹೆಂಡತಿಯ ಕೈಯನ್ನು ಮುಟ್ಟದೆ, ದೂರದಿಂದಲೇ ಬಹಳ ಹೊತ್ತು ನೋಡಿದರು. ಇದನ್ನು ಗೀಳು ಕಾಯಿಲೆ ಅನ್ನುತ್ತಾರೆ, ಮಡಿಗೂ ಇದಕ್ಕೂ ಸಂಬಂಧವಿಲ್ಲ, ಮಡಿಯಿಲ್ಲದ ಮನೆಯಲ್ಲೂ ಬರುತ್ತದೆ ಎಂದರು. ಬೇಡದ ಯೋಚನೆ ನುಗ್ಗುತ್ತದೆ, ಅದನ್ನು ತಡೆಯಲಾರದೆ ತೊಳೆಯುತ್ತಾರೆ, ತೊಳೆದಷ್ಟೂ ಯೋಚನೆ ಗಟ್ಟಿಯಾಗುತ್ತದೆ ಎಂದು ಬಿಡಿಸಿ ಹೇಳಿದರು. ಮಾತ್ರೆ ಕೊಟ್ಟು, ಫಲ ಕಾಣಲು ವಾರಗಟ್ಟಲೆ ಬೇಕಾಗುತ್ತದೆ, ತಾವಾಗಿ ನಿಲ್ಲಿಸಬೇಡಿ ಎಂದರು. ಜೊತೆಗೆ ಒಂದು ಅಭ್ಯಾಸವನ್ನೂ ಹೇಳಿದರು. ಹೆದರಿಕೆ ಹುಟ್ಟಿಸುವ ವಸ್ತುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಏಣಿಯ ಹಾಗೆ ಬರೆದುಕೊಂಡು, ಒಂದೊಂದನ್ನೇ ಮುಟ್ಟಿ ತೊಳೆಯದೆ ಕೂರುವುದು. ಹೆದರಿಕೆ ತಾನಾಗಿ ಇಳಿಯುವವರೆಗೆ ಕಾಯುವುದು.

ಆಮೇಲೆ ನನ್ನ ಕಡೆ ತಿರುಗಿದರು. "ಭಟ್ರೆ, ನೀವ್ ಆಯ್ತ್ ಅಂದ್ರೆ ಅವ್ರಿಗೆ ಹತ್ತ್ ನಿಮಿಷ ಸಮಾಧಾನ. ಆಮೇಲೆ ಮತ್ತೆ ಬತ್ತ್. ಆ ನೀರ್ ಹಾಕುದನ್ನ್ ನಿಲ್ಸಿ. ಕೇಂಡ್ರೆ ಉತ್ತರ ಕೊಡ್ಬೇಡಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆರು ವರ್ಷ ಕಾಯಿಲೆಗೆ ನೀರೆರೆದವನು ನಾನೇ ಎಂದಾಯಿತು.

ಏಣಿಯನ್ನು ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದೆವು. ಕೆಳಗಿನ ಮೆಟ್ಟಿಲು ಬಾಗಿಲ ಚಿಲಕ. ನಂತರ ಪೇಪರ್, ಚಪ್ಪಲಿ, ಬಸ್ಸಿನ ಸೀಟು, ಮಗಳ ಶಾಲೆಚೀಲ. ಎಲ್ಲಕ್ಕಿಂತ ಮೇಲೆ ಅವಳೇ ತನ್ನ ಕೈಯಾರೆ ಬರೆದದ್ದು: ಶಾಲೆಯಿಂದ ಬಂದ ಮಗಳನ್ನು ಸ್ನಾನಕ್ಕೆ ಮೊದಲೇ ಅಪ್ಪಿಕೊಳ್ಳುವುದು. ಬರೆಯುವಾಗಲೇ ಅವಳ ಕಣ್ಣಲ್ಲಿ ನೀರು ಬಂತು.

ಚಿಲಕ ಮುಟ್ಟಿ ಕೂತ ಮೊದಲ ದಿನ ಅವಳು ನಡುಗಿದ್ದನ್ನು ನೋಡಿದರೆ ಶತ್ರುವಿಗೂ ಬೇಡ ಅನ್ನಿಸಬೇಕು. "ಆಯ್ತ್ ಅನ್ನಿ, ಒಂದ್ ಸರ್ತಿ ಅನ್ನಿ" ಎಂದು ಅಂಗಲಾಚಿದಳು. ನಾನು ನಾಲಿಗೆ ಕಚ್ಚಿಕೊಂಡು ಕೂತೆ. ಮುಕ್ಕಾಲು ಗಂಟೆಯ ಮೇಲೆ ನಡುಕ ನಿಂತಿತು. ಅವಳಿಗೇ ಆಶ್ಚರ್ಯ. ಹೀಗೆ ಐದಾರು ತಿಂಗಳಲ್ಲಿ ಶಾಲೆಚೀಲದವರೆಗೆ ಬಂದಳು. ಕೈಯ ಗಾಯ ಮಾಗಿತು. ಒಂದು ಸಂಜೆ ಮಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅದರೊಳಗಿನ ಪೆನ್ಸಿಲ್ ಚೂರುಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದಳು. ಮಗಳು ಎದುರಿಗೆ ಕೂತು, "ನಾ ಯಾವತ್ತ್ ಅಮ್ಮ?" ಎಂದು ಕೇಳಿದಳು. "ಇನ್ನೊಂದೇ ಮೆಟ್ಟಿಲ್ ಮಗಳೆ" ಅಂದಳು. ನಮ್ಮ ಮನೆಯಲ್ಲಿ ಅಷ್ಟು ಸಂತೋಷದ ಸಂಜೆ ಆಮೇಲೆ ಬರಲಿಲ್ಲ.

ಆ ಹೊತ್ತಿಗೆ ನನ್ನ ಅಮ್ಮನ ಶ್ರಾದ್ಧ ಬಂತು. ಮಡಿಯಲ್ಲಿ ಅಡುಗೆಗೆ ನಿಂತರೆ ಹೆಂಡತಿಯ ಅಭ್ಯಾಸ ಕೆಡುತ್ತದೆಂದು ಹೊರಗಿನವರಿಗೆ ಹೇಳಿದ್ದೆ. ಸುದ್ದಿ ತಿಳಿದು ನನ್ನ ಅಕ್ಕ ಫೋನ್ ಮಾಡಿದಳು. "ಅಮ್ಮನ ಶ್ರಾದ್ಧಕ್ಕೆ ಹೊರಗಿನವ್ರ ಕೈಯಡ್ಗಿಯಾ? ಅವ್ಳಷ್ಟ್ ಮಡಿ ಯಾರಿಗಿತ್ತ್? ಒಂದಿನಕ್ಕೆ ಎಂತ ಆತ್ತ್?" ಅಂದಳು. ಅಕ್ಕನನ್ನು ದೂರಿ ಪ್ರಯೋಜನವಿಲ್ಲ, ಅವಳಿಗೆ ನಾವು ಕಾಯಿಲೆಯ ವಿಷಯ ಹೇಳಿರಲೇ ಇಲ್ಲ. ಹೇಳಬಹುದಿತ್ತು. ಊರಿಗೆಲ್ಲ ಶ್ರಾದ್ಧ ಮಾಡಿಸುವ ಭಟ್ಟ, ತನ್ನ ತಾಯಿಯ ಶ್ರಾದ್ಧಕ್ಕೆ ಹೆಂಡತಿಯ ಕೈಯಲ್ಲಿ ಅಡುಗೆ ಮಾಡಿಸಲಾರ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೆಂಡತಿಯ ಹತ್ತಿರ ಹೋಗಿ, ಒಂದು ದಿನ ಮಾತ್ರ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಬೇಡ ಅನ್ನಲಿ ಎಂದು ಕಾದೆನೋ, ಒಪ್ಪಲಿ ಎಂದು ಕಾದೆನೋ, ಹೇಳಲಾರೆ. ಒಪ್ಪಿದಳು.

ಅಂದು ಬೆಳಿಗ್ಗೆ ಅವಳು ಬಾವಿಕಟ್ಟೆಯಲ್ಲಿ ಎಷ್ಟು ಕೊಡ ನೀರು ಸುರಿದುಕೊಂಡಳೋ ಗೊತ್ತಿಲ್ಲ. ಅಡುಗೆ ಮುಗಿದ ಮೇಲೆ ಒಲೆಯ ಪಕ್ಕದಿಂದ ಕೇಳಿದಳು, ತಿಂಗಳುಗಟ್ಟಲೆ ಕೇಳದೆ ಇದ್ದದ್ದನ್ನು. "ಹ್ವಾಯ್, ಶುದ್ಧ ಇತ್ತಾ?" ಹೊರಗೆ ಬ್ರಾಹ್ಮಣರು ಕಾದಿದ್ದರು. ನಾನು ತಂಬಿಗೆ ಎತ್ತಿ ನೀರು ಚಿಮುಕಿಸಿದೆ. "ಆಯ್ತ್" ಅಂದೆ. ಊಟವಾದ ಮೇಲೆ ಎಲ್ಲರೂ ಅವಳ ಮಡಿಯನ್ನು ಹೊಗಳಿದರು.

ಮರುದಿನದಿಂದ ಮೊದಲಿನಂತೆಯೇ ಆಯಿತು. ಇಲ್ಲ, ಅದಕ್ಕಿಂತ ಕೆಟ್ಟದಾಯಿತು. ಮಾತ್ರೆಯೂ ಮೈಲಿಗೆ ಎಂದು ಬಿಟ್ಟಳು. ಡಾಕ್ಟರ ಹೆಸರೆತ್ತಿದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮೂರು ವರ್ಷ ಹೀಗೇ ಹೋಯಿತು. ನೋಟ್‌ಬುಕ್ಕು ದೇವರ ಕೋಣೆಯ ಪಂಚಾಂಗದ ಕೆಳಗೆ ಬಿದ್ದಿತ್ತು. ಮಗಳು, ಯಾವತ್ತು ಎಂದು ಕೇಳುವುದನ್ನು ನಿಲ್ಲಿಸಿದಳು. ಯಾವಾಗ ನಿಲ್ಲಿಸಿದಳು ಎನ್ನುವುದನ್ನು ನಾನು ಗಮನಿಸಲಿಲ್ಲ.

ಹೋದ ವರ್ಷ ಹೆಂಡತಿಯೇ ಒಂದು ದಿನ, "ನಂಗ್ ಸಾಕಾಯ್ತ್. ಆ ಡಾಕ್ಟ್ರಮ್ಮನ ಹತ್ರ ಹೋಪ" ಅಂದಳು. ಡಾಕ್ಟರು ಬೈಯಲಿಲ್ಲ. ಈ ಕಾಯಿಲೆಯಲ್ಲಿ ಮರಳಿ ಬರುವುದುಂಟು, ಮತ್ತೆ ಹತ್ತಬಹುದು ಎಂದರು. ಅದೇ ನೋಟ್‌ಬುಕ್ಕು, ಅದೇ ಚಿಲಕ. ಈ ಸಲ ನಾನು ಅಕ್ಕನಿಗೂ ಹೇಳಿದೆ, ಶ್ರಾದ್ಧದ ಅಡುಗೆ ಹೊರಗಿನವರಿಂದಲೇ ಮಾಡಿಸಿದೆ. ಯಾರೂ ಏನೂ ಅನ್ನಲಿಲ್ಲ. ಆ ವರ್ಷವೂ ಯಾರೂ ಏನೂ ಅನ್ನುತ್ತಿರಲಿಲ್ಲವೇನೋ.

ಮೊನ್ನೆ ಮೇಲಿನ ಮೆಟ್ಟಿಲ ದಿನ. ಬೆಳಿಗ್ಗೆಯಿಂದ ಅವಳು ಊಟ ಮಾಡಿರಲಿಲ್ಲ. ನಾಲ್ಕೂವರೆಗೆ ಬಸ್ಸು ಬರುವ ಹೊತ್ತಿಗೆ ಜಗಲಿಯ ಅಂಚಿನಲ್ಲಿ ನಿಂತಳು. ಮಗಳು ಗೇಟು ತೆಗೆದು ಬಂದಳು, ಹತ್ತು ವರ್ಷದ ಹುಡುಗಿ, ಬೆವರಿ, ಯೂನಿಫಾರ್ಮಿನ ಮೇಲೆಲ್ಲ ಮಣ್ಣು. ಹೆಂಡತಿ ಎರಡೂ ಕೈ ಚಾಚಿದಳು. ಚಾಚಿದ ಕೈ ಹಿಂದೆ ಹೋಗಲಿಲ್ಲ. "ಬಾ ಮಗಳೆ" ಅಂದಳು.

ಮಗಳು ಒಂದು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ ಅಮ್ಮ, ಮುಟ್ಬೇಡ. ನಾ ಸ್ನಾನ ಮಾಡ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮುನಿಸೂ ಇರಲಿಲ್ಲ. ಹೆದರಿಕೆಯಿತ್ತು, ತನ್ನಿಂದ ಅಮ್ಮನಿಗೆ ಏನಾದರೂ ಆದೀತು ಎಂಬ ಹೆದರಿಕೆ. ಅದೇ ಹೆದರಿಕೆಯನ್ನು ನಾನು ಹತ್ತು ವರ್ಷ ಇನ್ನೊಂದು ಮುಖದಲ್ಲಿ ನೋಡಿದ್ದೇನೆ. ಹೆಂಡತಿಗೆ ಉತ್ತರ ಕೊಡಬಾರದೆಂದು ನಾನು ಕಲಿತಿದ್ದೆ. ಮಗಳಿಗೆ ಏನು ಹೇಳಬೇಕೆಂದು ಕೇಳಿಕೊಂಡು ಬಂದಿರಲಿಲ್ಲ.

"ಅಪ್ಪಯ್ಯ, ಬೇಗ ನೀರ್ ಹಾಕಿ" ಅಂದಳು ಮಗಳು. ಜಗಲಿಯಲ್ಲಿ ಹೆಂಡತಿಯ ಕೈ ಚಾಚಿದಂತೆಯೇ ಇತ್ತು. ಮಗಳು ಮೆಟ್ಟಿಲ ಕೆಳಗೆ ಕಣ್ಣು ಮುಚ್ಚಿ, ತನ್ನ ಎರಡೂ ಕೈ ಮುಂದೆ ಹಿಡಿದು, ನೀರಿಗೆ ಕಾಯುತ್ತಾ ನಿಂತಳು.