ಹೆಗ್ಗಣದ ತಂಡ ಗೆದ್ದ ದಿನ

ಮೈಮೇಲೆ ದೇವರು ಬಂತು, ಸತ್ತವರು ಹೆಸರು ಹಿಡಿದು ಕರೆದರು ಎಂದು ಯಾರಾದರೂ ಹೇಳಿದರೆ ನಾನು ಮುಖದ ಮೇಲೇ ನಗುವವಳು. ಹೊಟ್ಟೆ ಕೆಟ್ಟಿರಬೇಕು, ನೋಡಿಕೋ ಎನ್ನುತ್ತಿದ್ದೆ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಓದಿದ್ದು ಕಡಿಮೆ, ನಂಬಿದ್ದು ಇನ್ನೂ ಕಡಿಮೆ. ಈಗ ನನಗೇ ಒಂದು ಆಗಿದೆ. ನಗುವವರು ನಗಲಿ.

ಕರೋನ ಇಳಿದ ಮೇಲಿನ ವರ್ಷ. ಅಟ್ಲಾಂಟಾ ಹತ್ತಿರದ ಡುಲುತ್‌ನಲ್ಲಿ ಮಗನ ಮನೆಯಲ್ಲಿದ್ದೆ. ಸೊಸೆ ಸುಧಾ ಮೊಣಕಾಲು, ಹೆಗಲು ನೋಯುವವರಿಗೆ ವ್ಯಾಯಾಮ ಮಾಡಿಸಿ ವಾಸಿ ಮಾಡುವವಳು. ಆ ವರ್ಷ ಊರಲ್ಲೊಂದು ಹೊಸ ಫುಟ್‌ಬಾಲ್ ತಂಡ ಹುಟ್ಟಿತು. ಅವರ ಕಾಲು ನೋಡುವ ಕೆಲಸ ಇವಳಿಗೆ ಬಂತು. ಅಲ್ಲಿ ಫುಟ್‌ಬಾಲ್ ಎಂದರೆ ಒದೆಯುವುದಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಎದುರಿನವರು ಹಿಡಿದು ಕೆಡವುವುದು. ಅದೂ ಬಯಲಲ್ಲಲ್ಲ, ಸೂರಿನ ಕೆಳಗೆ. ಐಸಿನ ಮೇಲೆ ಜಾರುತ್ತ ಆಡುವ ಆಟದ ಕಟ್ಟಡದಲ್ಲಿ, ಅದೇ ಜಾಗಕ್ಕೆ ಹಸಿರು ಕಾರ್ಪೆಟ್ ಹಾಸಿ ಆಡಿಸುತ್ತಿದ್ದರು. ಸುತ್ತ ಎದೆಮಟ್ಟದ ಮೆತ್ತನೆಯ ಗೋಡೆ. ಒಮ್ಮೊಮ್ಮೆ ಆಟಗಾರ ಅದನ್ನೂ ದಾಟಿ ಮುಂದಿನ ಸಾಲಿನವರ ಮಡಿಲಿಗೇ ಬೀಳುತ್ತಿದ್ದ.

ತಂಡದ ಗುರುತು ಪಾಸಮ್ ಎಂಬ ಪ್ರಾಣಿ. ನನ್ನ ಕಣ್ಣಿಗೆ ಹೆಗ್ಗಣ.

"ಅತ್ತೀ, ಮನ್ಯಾಗ ಒಬ್ರ ಕುಂತು ಏನ್ ಮಾಡ್ತೀರಿ? ಮ್ಯಾಚ್ ನೋಡಾಕ ಬರ್ರಿ," ಎಂದಳು ಸುಧಾ.

"ಹೆಗ್ಗಣ ಓಡೂದು ನೋಡಾಕ ಅಷ್ಟು ದೂರ ಹೋಗಬೇಕೇನವಾ?" ಎಂದೆ.

ಹೋದೆ. ನೋಡಿದರೆ ನಮ್ಮ ಕಬಡ್ಡಿಯೇ! ಉಸಿರು ಹಿಡಿಯುವುದೊಂದಿಲ್ಲ, ಅಷ್ಟೇ. ಅಲ್ಲಿಂದಾಚೆ ಭಾನುವಾರ ಬಂದರೆ ಸುಧಾಗಿಂತ ಮೊದಲು ನಾನೇ ಕಾರಿನಲ್ಲಿ ಕೂತಿರುತ್ತಿದ್ದೆ. "ಹಿಡೀರೋ! ಬಿಡಬ್ಯಾಡ್ರೋ!" ಎಂದು ಕಿರುಚುವುದು ನನ್ನ ಕೆಲಸ. ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಮೀರಾ, "ಅಜ್ಜಿ, ಪ್ಲೀಸ್, ಎಲ್ಲರೂ ನೋಡ್ತಾರೆ," ಎಂದು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಳ್ಳುತ್ತಿದ್ದಳು.

ತಂಡ ಮಾತ್ರ ಸೋಲುತ್ತಲೇ ಹೋಯಿತು. ಹಗಲೆಲ್ಲ ಗೋದಾಮಿನಲ್ಲಿ ದುಡಿದು ಸಂಜೆ ಅಭ್ಯಾಸಕ್ಕೆ ಬರುವವರು, ಪಾಪ. ಬೇಸಿಗೆ ಮುಗಿಯುವ ಮುಂಚೆಯೇ ಮಾಲೀಕ, ಬರುವ ಭಾನುವಾರದ್ದೇ ಕಡೆಯ ಆಟ, ಆಮೇಲೆ ತಂಡವೇ ಇರುವುದಿಲ್ಲ ಎಂದುಬಿಟ್ಟ. ಅಲ್ಲಿಯವರೆಗೆ ಒಂದೂ ಗೆದ್ದಿರಲಿಲ್ಲ.

"ಒಂದರೆ ಗೆದ್ದು ಹೋಗ್ಲಿ ಅತ್ತೀ. ಆ ಮಾರ್ಕಸ್ ಎಷ್ಟು ನೋವು ತಿಂದಾನ," ಎಂದಳು ಸುಧಾ.

ಮಾರ್ಕಸ್ ಎಂಬವನು ಚೆಂಡು ಹಿಡಿದು ಓಡುವವ. ಹಿಂದೆ ಅವನ ಬಲ ಮೊಣಕಾಲು ಕೆಟ್ಟಿತ್ತು. ಎಡಕ್ಕೆ ತಿರುಗಬೇಕೆಂದರೆ ಬಲಗಾಲು ಊರಬೇಕಲ್ಲ. ವಾಸಿಯಾದ ಮೇಲೂ ಹೆದರಿ ಯಾವಾಗಲೂ ಬಲಕ್ಕೇ ತಿರುಗುತ್ತಿದ್ದ.

ಆ ಕಡೆಯ ಭಾನುವಾರಕ್ಕೆ ನೆಗಡಿಯಾಗಿ ನನ್ನ ದನಿ ಪೂರಾ ಬಿದ್ದುಹೋಗಿತ್ತು. ಬಾಯಿ ತೆರೆದರೆ ಬರೀ ಗಾಳಿ. ಮೀರಾ "ಥ್ಯಾಂಕ್ ಗಾಡ್" ಎಂದಳು.

ಆಟ ಮುಗಿಯುತ್ತ ಬಂದಿತ್ತು, ನಮ್ಮವರು ಸ್ವಲ್ಪವೇ ಹಿಂದಿದ್ದರು. ಚೆಂಡು ಮಾರ್ಕಸ್ ಕೈಗೆ ಬಂತು. ಅವನು ಬಲಕ್ಕೇ ಹೊರಟ. ಇವನ ಚಾಳಿ ಗೊತ್ತಿದ್ದ ಎದುರಿನವರೆಲ್ಲ ಬಲಕ್ಕೇ ಮುಗಿಬಿದ್ದರು. ಎಡಕ್ಕೆ ಸ್ಕೂಲ್ ಬಸ್ಸು ಹೋಗುವಷ್ಟು ಜಾಗ! ನಾನು ಎದ್ದು ನಿಂತು "ಎಡಕ್ಕ ಹೊಳ್ಳೋ!" ಎಂದು ಬಾಯಿ ತೆರೆದೆ. ದನಿ ಹೊರಡಲಿಲ್ಲ.

ಅವನು ಗಕ್ಕನೆ ಬಲಗಾಲು ಊರಿ ಎಡಕ್ಕೆ ತಿರುಗಿದ. ಹೋದ, ಕಡೆಯ ಗೆರೆ ದಾಟಿ ಹೋಗೇಬಿಟ್ಟ.

ಗೆದ್ದರು! ಗೋಡೆಯಂಥ ಗಂಡಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು, ಅತ್ತರು. ಯಾರೋ ಹೆಂಗಸು ನನ್ನನ್ನು ತಬ್ಬಿಕೊಂಡು ಸೀರೆಯ ತುಂಬ ಪಾಪ್‌ಕಾರ್ನ್ ಚೆಲ್ಲಿದಳು.

ಮಾರ್ಕಸ್ ಗೋಡೆಯ ಬಳಿ ಬಂದು ಜನರನ್ನೆಲ್ಲ ದಿಟ್ಟಿಸಿ ನೋಡುತ್ತ ನಿಂತ. ಸುಧಾಗೆ ಏನೋ ಹೇಳಿದ. ಮೀರಾ ನನಗೆ ತಿಳಿಸಿದಳು: "ಯಾರೋ ಓಲ್ಡ್ ಲೇಡಿ ಕಿವಿ ಹತ್ರ ಬೈದ್ರಂತೆ, ಅಜ್ಜಿ. ಅವನು 'ಎಸ್ ಮ್ಯಾಮ್' ಅಂತ ಟರ್ನ್ ಮಾಡಿದ್ನಂತೆ."

ಏನೆಂದು ಬೈದರು ಎಂದು ಸುಧಾ ಕೇಳಿದಳು.

"ಯಡಕಾ ಹಲ್ಲೋ," ಎಂದ.

ಸುಧಾ ನನ್ನ ಕಡೆ ತಿರುಗಿದಳು. "ಅತ್ತೀ, ನಿಮ್ಮ ದನಿ ಬಂತೇನ್ರಿ?" ನಾನು ಗಂಟಲು ಮುಟ್ಟಿ ಇಲ್ಲವೆಂದು ತಲೆಯಾಡಿಸಿದೆ. "ಅಜ್ಜಿ ಮಾತಾಡಿಲ್ಲ, ಅಮ್ಮ. ಐ ವಾಸ್ ರೈಟ್ ಹಿಯರ್," ಎಂದಳು ಮೀರಾ.

ಮೊದಲು ಯಾವಾಗಲೋ ಕೂಗಿರಬೇಕು, ಅವನಿಗೆ ನೆನಪಿತ್ತು ಎನ್ನುತ್ತಾನೆ ಮಗ. ಕೂಗಿಲ್ಲ. ಎಡಕ್ಕೆ ಅಷ್ಟು ಜಾಗ ಬಿದ್ದದ್ದೇ ಅವತ್ತು. ಸುಧಾ ಆಟಗಾರರೊಡನೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವಳಲ್ಲ. ಹೋಗಲಿ, ಕಿವಿಗೆ ಬಿತ್ತೆಂದೇ ಇಟ್ಟುಕೊಳ್ಳಿ, ಎಡ ಎಂದರೆ ಯಾವ ಕಡೆ ಎಂದು ಅವನಿಗೆ ಹೇಳಿಕೊಟ್ಟವರು ಯಾರು? ದೇವರ ತಲೆಗೆ ಕಟ್ಟೋಣವೆಂದರೆ, ಹೆಗ್ಗಣದ ತಂಡ ಗೆದ್ದು ದೇವರಿಗೆ ಆಗಬೇಕಾದದ್ದೇನು?

ಮಾರನೆಯ ವಾರವೇ ಕಾರ್ಪೆಟ್ ಸುತ್ತಿಟ್ಟರು. ತಂಡ ಮುಗಿಯಿತು. ಮಾರ್ಕಸ್ ಷಾರ್ಲೆಟ್ ಕಡೆ ಕೆಲಸಕ್ಕೆ ಹೋದ. ಸುಧಾಗೆ ಫೋನ್ ಮಾಡಿದಾಗಲೆಲ್ಲ ನಗುತ್ತ "ಯಡಕಾ ಹಲ್ಲೋ" ಎನ್ನುತ್ತಾನೆ. ನನಗಂತೂ ಇವತ್ತಿಗೂ ಬಗೆಹರಿದಿಲ್ಲ. ದನಿ ಆ ವಾರವೇ ಸರಿಹೋಯಿತು. ಈಗ ಅಡುಗೆಮನೆಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತೇನೆ. ಊಟಕ್ಕೆ ಮಹಡಿಯಿಂದ ಒಬ್ಬರೂ ಇಳಿದು ಬರುವುದಿಲ್ಲ.