ಪೂಜೆ ನೀರಿನ ಕೊಡ

ಬೆಳಿಗ್ಗೆ ಬೀದಿಯಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಬಂದಾಗ ಸಿಂಗಾನಲ್ಲೂರಿನ ನಮ್ಮ ಹಳೆಯ ಓಣಿ ನೆನಪಾಯಿತು. ನಲ್ಲಿ ನೀರು ಅಪರೂಪ, ಮನೆಮನೆಯಲ್ಲೂ ಡ್ರಮ್ಮು. ಡೆಂಗಿ ಹಬ್ಬಿದಾಗ ಅಮ್ಮನೇ ಓಣಿಯ ಹೆಂಗಸರನ್ನು ಕೂಡಿಸಿಕೊಂಡು, ಬೈಗುಳ ತಿಂದರೂ ಬಿಡದೆ, ಹುಳುಬಿದ್ದ ನೀರನ್ನೆಲ್ಲ ಚೆಲ್ಲಿಸುತ್ತಿದ್ದಳು.

ಆ ಹೆಂಗಸರು ನಮ್ಮ ದೇವರಕೋಣೆಯ ಬಾಗಿಲಿಗೆ ಬಂದಾಗ ಅಜ್ಜಿ ಅಡ್ಡ ನಿಂತರು.

"ಪೂಜೆ ನೀರ್ನಾಗೆ ಹುಳ ಬತ್ತದಾ? ಯಾರ್ನೂ ಒಳಕ್ಕೆ ಬಿಡಬೇಡ."

ಅಷ್ಟು ಜನರ ಬಾಗಿಲು ತೆರೆಸಿದ್ದ ಅಮ್ಮ ಹೆಂಗಸರನ್ನು ಕರೆದುಕೊಂಡು ಮುಂದಿನ ಮನೆಗೆ ನಡೆದಳು.

ಕೆಲವೇ ದಿನಗಳಲ್ಲಿ ತಂಗಿಗೆ ಜ್ವರ ಬಂತು. ಅವಳಿಲ್ಲದೆ ಆಸ್ಪತ್ರೆಯಿಂದ ಮರಳಿದ ಅಮ್ಮ, ನೇರ ಹೋಗಿ ದೇವರಕೋಣೆಯ ಪೂಜೆ ನೀರಿನ ಕೊಡವನ್ನು ಅಂಗಳಕ್ಕೆ ತಂದು ಬಗ್ಗಿಸಿದಳು. ಚೆಲ್ಲಿದ ನೀರಿನಲ್ಲಿ ಹುಳುಗಳು ಹೊರಳಾಡುತ್ತಿದ್ದವು. ತಂಗಿಯನ್ನು ಕಚ್ಚಿದ ಸೊಳ್ಳೆ ಎಲ್ಲಿಯದೋ, ಯಾರು ಬಲ್ಲರು? ಅಜ್ಜಿ ಮಾತ್ರ ಆಮೇಲೆ ಆ ಕೋಣೆಗೆ ಕಾಲಿಡಲಿಲ್ಲ.

ಇಂದು ಸೊಳ್ಳೆಹುಳುವಿನ ತಪಾಸಣೆಗೆ ನಮ್ಮ ಮನೆಗೆ ಬಂದ ಹುಡುಗಿ ಡ್ರಮ್ಮು ನೋಡಿ ಹೊರಟಿದ್ದಳು. ಅಮ್ಮ ಅವಳ ಕೈ ಹಿಡಿದು ದೇವರಕೋಣೆಗೆ ಕರೆದೊಯ್ದಳು.

"ಇಲ್ಲೂ ನೋಡಿಬಿಡು, ಕಂದ."