ಅಕ್ಕ ನುಂಗಿದ ‘ರು’

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಅಕ್ಕನಿಗೆ ಅಕ್ಷರ ಕಲಿಸಿದವನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನಾನೇ. ಸಿರುಗುಪ್ಪದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತ, ಚೆಲ್ಲಿದ ಹಿಟ್ಟಿನಲ್ಲಿ ಬೆರಳಿಂದ ತಿದ್ದುತ್ತಿದ್ದಳು. ತಪ್ಪಿದರೆ ಅಂಗೈಯಿಂದ ಸವರಿ, “ಬಾಯಾಗ ಬಂದಂಗ ಬರದ್ರ ಸಾಕಲ್ಲೋ ತಮ್ಮಾ?” ಎನ್ನುತ್ತಿದ್ದಳು.

ಮದುವೆಯಾಗಿ ಕುರುಗೋಡಿಗೆ ಹೋದ ಮೇಲೆ ತಾನೇ ಬರೆದು ಒಂದು ಕಾರ್ಡು ಹಾಕಿದಳು. ವಿಳಾಸದಲ್ಲಿ ಊರ ಹೆಸರು, ನಾವೆಲ್ಲ ಆಡುವ ಹಾಗೆಯೇ, ‘ಸಿರಗುಪ್ಪ’ ಎಂದಿತ್ತು.

ಪಂಚಮಿಗೆ ಅವಳು ಬಂದಾಗ, ಬಿಡಲು ಬಂದಿದ್ದ ಭಾವನ ಎದುರೇ ಆ ಕಾರ್ಡು ಎತ್ತಿ ಹಿಡಿದೆ.

“ಬಸ್ಸಿನ ಬೋರ್ಡಿನಾಗ ‘ರು’ ಐತಿ. ಇದ್ರಾಗ ಎಲ್ಲಿ ಹೋತಕ್ಕಾ? ರೊಟ್ಟಿ ಜೋಡಿ ನುಂಗಿದೇನು?”

ಭಾವ ಬಿದ್ದು ಬಿದ್ದು ನಕ್ಕರು. ರೊಟ್ಟಿ ಬಡಿಯುತ್ತ ಕೂತಿದ್ದ ಅಕ್ಕನೂ ನಕ್ಕಳು. ಮುಂದಿದ್ದ ಹಿಟ್ಟಿನಲ್ಲಿ ಯಾವ ಅಕ್ಷರವೂ ಇರಲಿಲ್ಲ. ಆದರೂ ಅಂಗೈಯಿಂದ ಸವರಿದಳು.

ಆಮೇಲೆ ಬಂದ ಕಾರ್ಡುಗಳೆಲ್ಲ ಭಾವನ ಕೈಬರಹದವು. ಊರ ಹೆಸರು ಸರಿಯಾಗಿರುತ್ತಿತ್ತು, ಅಕ್ಕನ ಮಾತು ಒಂದೂ ಇರುತ್ತಿರಲಿಲ್ಲ. “ನೀನ ಬರಿಯಕ್ಕಾ” ಎಂದು ಎಷ್ಟೋ ಸಲ ಬೇಡಿಕೊಂಡೆ.

“ನನಗೆಲ್ಲಿ ಬರತೈತೋ,” ಎಂದುಬಿಡುತ್ತಿದ್ದಳು.

ಅವಳು ಬರೆದ ಆ ಒಂದೇ ಕಾರ್ಡು ಇನ್ನೂ ನನ್ನ ಬಳಿ ಇದೆ. ಅಂಚೆಯವನು ಅದನ್ನು ಯಾರನ್ನೂ ಕೇಳದೆ ನೇರ ನಮ್ಮ ಬಾಗಿಲಿಗೇ ತಂದುಕೊಟ್ಟಿದ್ದ.